ಹಂಡೆ ನೀರು ಬೇಡ, ಅಮ್ಮ

ಮಿನಿಯಾಪೊಲಿಸ್
ಫೆಬ್ರವರಿ, ಭಾನುವಾರ ಬೆಳಿಗ್ಗೆ

ಅಮ್ಮನಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಹೊರಗೆ ಮೈನಸ್ 20 ಡಿಗ್ರಿ, ಒಳಗೆ ಹೀಟರಿನ ಒಣಗಾಳಿ. ಮೂಗಿನೊಳಗೆ ಹಪ್ಪಳ ಒಣಗಿಸಬಹುದು.

ಮೊನ್ನೆ ಫೋನಿನಲ್ಲಿ ಮೂಗು ತೊಳೆಯುವ ಬಗ್ಗೆ ನಾನು ಹೇಳಿದ್ದಕ್ಕೆಲ್ಲ ನೀನು "ಹೂಂ, ಹೂಂ" ಅಂದೆಯಲ್ಲ, ಆ ಹೂಂ ನನಗೆ ಚೆನ್ನಾಗಿ ಗೊತ್ತು. ಮಾತು ಮುಗಿಸುವ ಹೂಂ ಅದು. ಆಮೇಲೆ ತಮ್ಮ ಹೇಳಿದ, ಮೂಗಿನ ದುರ್ಮಾಂಸದ ಆಪರೇಷನ್ ಆಗಿ ಐದು ವಾರವಾದರೂ ಔಷಧಿಯ ಡಬ್ಬ ಒಡೆಯದೆ ಬೀರುವಿನಲ್ಲೇ ಕೂತಿದೆ ಅಂತ. ಅದಕ್ಕೇ ಈ ಕಾಗದ. ಕಾಗದಕ್ಕೆ ಹೂಂ ಅಂದು ಫೋನಿಡಲು ಆಗುವುದಿಲ್ಲ.

ಸ್ಟೀರಾಯ್ಡ್ ಅನ್ನುವ ಹೆಸರಿಗೇ ನೀನು ಹೆದರಿದ್ದು ಅಂತ ಗೊತ್ತು. ಡಬ್ಬದ ಮೇಲೆ ಮೂಗಿನ ಸುದ್ದಿಯೇ ಇಲ್ಲ, ಉಬ್ಬಸದವರು ಮೆಷಿನ್ನಿನಲ್ಲಿ ಎಳೆದುಕೊಳ್ಳುವ ಔಷಧಿ ಅಂತಿದೆ ಅಂದೆಯಂತೆ. ಸರಿಯಾಗಿಯೇ ಓದಿದ್ದೀಯ. ಡಬ್ಬದಲ್ಲಿರುವ ಬ್ಯುಡೆಸೊನೈಡ್ ಟ್ಯೂಬು ತಯಾರಾದದ್ದು ಅದಕ್ಕೇ. ಮೂಗು ತೊಳೆಯುವ ನೀರಿಗೆ ಬೆರೆಸುವುದು ಡಾಕ್ಟರುಗಳು ಆಮೇಲೆ ಕಂಡುಕೊಂಡ ದಾರಿ. ನನಗೂ ಇಲ್ಲಿ ಅದನ್ನೇ ಬರೆದುಕೊಟ್ಟಿದ್ದರು. ಒಂದು ಪುಟ್ಟ ಟ್ಯೂಬಿನಲ್ಲಿ 2 ಮಿ.ಲೀ., ಅದರಲ್ಲಿ ಔಷಧಿ 0.5 ಮಿಲಿಗ್ರಾಂ ಮಾತ್ರ. ಅದನ್ನು ಮೂಗು ತೊಳೆಯುವ ಬಾಟಲಿಯ 240 ಮಿ.ಲೀ. ಉಪ್ಪುನೀರಿಗೆ ಹಾಕುತ್ತೀಯ, ಅದರಲ್ಲೂ ಬಹುಪಾಲು ಬಚ್ಚಲಿಗೇ ಹರಿದುಹೋಗುತ್ತದೆ. ದುರ್ಮಾಂಸ ತೆಗೆಸಿಕೊಂಡದ್ದು ಅರ್ಧ ಕೆಲಸ ಅಷ್ಟೆ, ಅದು ಮತ್ತೆ ಬೆಳೆಯುವ ಜಾತಿಯದು. ಆಪರೇಷನ್ನಿಗೆ ಮುಂಚೆ ಎಷ್ಟು ತೊಳೆದರೂ ಸೈನಸ್ಸಿನ (ಮುಖದ ಮೂಳೆಯೊಳಗಿನ ಪೊಳ್ಳು) ಒಳಕ್ಕೆ ನೀರು ಹೋಗುತ್ತಿದ್ದುದು ಅಷ್ಟಕ್ಕಷ್ಟೆ. ಈಗ ಬಾಗಿಲು ಅಗಲ ಮಾಡಿದ್ದಾರೆ, ಔಷಧಿ ಒಳಗೆ ಹೋಗಬಲ್ಲದು. ಬಾಗಿಲು ತೆರೆಸಿಕೊಂಡು ನೆಂಟರನ್ನು ಬೀರುವಿನಲ್ಲಿ ಕೂರಿಸಿದರೆ ಹೇಗೆ? ಎಷ್ಟಾದರೂ ಸ್ಟೀರಾಯ್ಡ್ ತಾನೇ, ನಿನ್ನ ಕಣ್ಣಿನ ಡಾಕ್ಟರಿಗೆ ಮಾತ್ರ ಈ ಔಷಧಿಯ ಹೆಸರು ತಪ್ಪದೆ ಹೇಳು.

ಇನ್ನು ನೀರಿನ ಮಾತು. ಇದನ್ನು ಅಪ್ಪನೂ ಕೇಳಿಸಿಕೊಳ್ಳಲಿ. ಅಪ್ಪ ದಿನಾ ಬೆಳಿಗ್ಗೆ ತಾಮ್ರದ ಗಿಂಡಿಯಲ್ಲಿ ಮೂಗು ತೊಳೆಯುವ ಜಲನೇತಿ ಮಾಡುವುದು ಬಚ್ಚಲ ಹಂಡೆಯ ನೀರಿನಲ್ಲಿ. "ನಲವತ್ತು ವರ್ಷದಿಂದ ಮಾಡ್ತಿದ್ದೇನೆ, ಏನಾಗಿದೆ?" ಅನ್ನುತ್ತಾರೆ. ಏನೂ ಆಗಿಲ್ಲ, ನಿಜ. ಆದರೆ 2011ರಲ್ಲಿ ಇದೇ ದೇಶದ ಲೂಸಿಯಾನಾದಲ್ಲಿ ನಲ್ಲಿ ನೀರಿನಲ್ಲಿ ಮೂಗು ತೊಳೆದ ಇಬ್ಬರು ಸತ್ತರು. ನೇಗ್ಲೇರಿಯಾ ಅನ್ನುವ ಅಮೀಬಾ. ಅವರ ಮನೆಯ ನೀರಿನಲ್ಲೇ ಸಿಕ್ಕಿತು. ಪಕ್ಕದ ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾ ಅಂತ ಪೇಪರಿನಲ್ಲಿ ಬಂದದ್ದನ್ನು ನೀನೇ ಓದಿದ್ದೆ. ಬಲು ಅಪರೂಪ, ಬಂದರೆ ಉಳಿಯುವವರೂ ಅಪರೂಪ. ಆ ನೀರು ಕುಡಿದರೆ ಏನೂ ಆಗುವುದಿಲ್ಲ, ಮೂಗಿನಿಂದ ಮೇಲೇರಿದರೆ ಮಾತ್ರ ಆಪತ್ತು. ಆ ಅಮೀಬಾಕ್ಕೆ ಹಿಡಿಸುವುದು ಬೆಚ್ಚನೆಯ ನೀರು, 46 ಡಿಗ್ರಿಯವರೆಗೂ ಹಾಯಾಗಿ ಬೆಳೆಯುತ್ತದೆ. ಹಂಡೆಯ ನೀರು ಮೈಗೆ ಬಿಸಿ, ಕುದಿದ ನೀರಲ್ಲ.

ಆದ್ದರಿಂದ ಸ್ಟೀಲ್ ಪಾತ್ರೆಯಲ್ಲಿ ಗಳಗಳ ಕುದಿ ಬಂದಮೇಲೆ ಪೂರಾ ಒಂದು ನಿಮಿಷ ಕುದಿಸು. ಎರಡು ಸಾವಿರ ಮೀಟರಿಗಿಂತ ಎತ್ತರದ ಊರಿನವರಿಗೆ ಮೂರು ನಿಮಿಷ. ನಮಗೆ ಕೊಡಚಾದ್ರಿಯ ತುದಿಯಲ್ಲಿ ಒಲೆ ಹೂಡಿದರೂ ಒಂದೇ ಸಾಕು. ಫಿಲ್ಟರಿನ ನೀರಾದರೂ ಕುದಿಸಲೇಬೇಕು. ಮುಚ್ಚಿಟ್ಟು ಆರಲು ಬಿಡು. ಅವಸರಕ್ಕೆ ಸ್ನಾನದ ನೀರಿನ ಹಾಗೆ ತಣ್ಣೀರು ಬೆರೆಸಿ ಹದ ಮಾಡಿದರೆ ಕುದಿಸಿದ್ದೆಲ್ಲ ದಂಡ.

ಉಪ್ಪಿನ ವಿಷಯದಲ್ಲಿ ನಾನೇ ಪೆಟ್ಟು ತಿಂದವಳು. ಮೊದಲನೇ ದಿನ ಪೊಟ್ಟಣ ಹಾಕುವುದು ಮರೆತು ಬರೀ ನೀರು ಬಿಟ್ಟುಕೊಂಡೆ. ಕೆರೆಯಲ್ಲಿ ಮುಳುಗಿ ಎದ್ದಾಗ ನೆತ್ತಿಗೆ ಹತ್ತುತ್ತದಲ್ಲ, ಅದರ ಹತ್ತರಷ್ಟು ಉರಿ. ನೀರು ಕಣ್ಣೀರಿನಷ್ಟು ಉಪ್ಪಾಗಿರಬೇಕು, ಅಂದರೆ ಲೀಟರಿಗೆ 9 ಗ್ರಾಂ. ನಿನ್ನ ಬಾಟಲಿಗೆ ಎರಡು ಗ್ರಾಂ ಚಿಲ್ಲರೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಪೊಟ್ಟಣವನ್ನೇ ತರಿಸು, ಅಳತೆಯ ರಗಳೆ ಇಲ್ಲ. ಅದರಲ್ಲಿ ಚೂರು ಅಡುಗೆ ಸೋಡಾನೂ ಇರುತ್ತದೆ, ಉರಿ ತಗ್ಗಿಸಲು. ಅಯೋಡಿನ್ ಬೆರೆಸಿದ ಅಡುಗೆಯುಪ್ಪು ಬೇಡ. ನೀರು ಉಗುರುಬೆಚ್ಚಗಿರುವಾಗ ಉಪ್ಪು ಕರಗಿಸು, ಆಮೇಲೆ ಔಷಧಿಯ ಟ್ಯೂಬನ್ನು ಚೆನ್ನಾಗಿ ಅಲುಗಾಡಿಸಿ (ಔಷಧಿ ತಳದಲ್ಲಿ ಕೂತಿರುತ್ತದೆ) ಮೂತಿ ತಿರುಚಿ ಅದರೊಳಗೆ ಹಿಂಡು.

ತಲೆ ಹೇಗಿಡಬೇಕು ಅನ್ನುವುದೇ ಮುಖ್ಯ ವಿದ್ಯೆ. ಅಪ್ಪನ ನೇತಿಯಲ್ಲಿ ತಲೆ ಪಕ್ಕಕ್ಕೆ ವಾಲಿಸಿದರೆ ನೀರು ಈ ಹೊಳ್ಳೆಯಿಂದ ಆ ಹೊಳ್ಳೆಗೆ ಇಳಿದು ಹೋಗುತ್ತದೆ. ತೊಳೆಯಲು ಅಷ್ಟು ಸಾಕು. ಔಷಧಿ ಹಣೆಯ ಹಿಂದಿನ ಸೈನಸ್ಸಿಗೂ ಮುಟ್ಟಬೇಕಾದರೆ ನೆತ್ತಿ ನೆಲದ ಕಡೆ ಇರಬೇಕು. ನೀನು ಕೂದಲು ಮುಂದಕ್ಕೆ ಹಾಕಿಕೊಂಡು ತಲೆ ತೊಳೆಯುತ್ತೀಯಲ್ಲ, ಥೇಟ್ ಹಾಗೆ. ಮಂಡಿ ನೋವಿಗೆ ಬೇಸಿನ್ನಿನ ಮುಂದೆ ನಿಂತು ಒದ್ದಾಡಬೇಡ, ಬಚ್ಚಲಲ್ಲಿ ಎತ್ತರದ ಮಣೆ ಹಾಕಿ ಕೂತು ಬಗ್ಗು. ಬಗ್ಗಿದಾಗ ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸು. ಬಾಟಲಿಯ ಮೂತಿಯನ್ನು ಹೊಳ್ಳೆಗೆ ಆನಿಸಿ ಮೆಲ್ಲಗೆ ಒತ್ತು, ಸುಣ್ಣದ ಟ್ಯೂಬ್ ಒತ್ತುವ ಹಾಗೆ ಅಲ್ಲ, ಪಾಪುವಿಗೆ ಹಾಲು ಕುಡಿಸುವ ಹಾಗೆ. ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ.

ಬಾಯಿ ತೆರೆದಿರಲಿ, ಉಸಿರು ಬಾಯಿಯಿಂದಲೇ. ನೀರು ಬಿಡುವಾಗ "ಕ ಕ ಕ" ಅನ್ನುತ್ತಿರು. ನಗಬೇಡ, ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಕಾಗುಣಿತ ಕಲಿಸಿದವಳು ನೀನು. ಕ ಅಂದಾಗ ಕಿರುನಾಲಿಗೆ ಮೇಲೆದ್ದು ಮೂಗಿನ ದಾರಿಗೆ ಬಾಗಿಲು ಹಾಕುತ್ತದೆ, ನೀರು ಗಂಟಲಿಗೆ ಇಳಿಯುವುದಿಲ್ಲ. ಅದೇ ಸಾಲಿನ ಕೊನೆಯ ಙ ಅಂದು ನೋಡು, ಬಾಗಿಲು ತೆರೆದುಬಿಡುತ್ತದೆ. ಯಾವ ಮಗುವಿಗೂ ಬಾಯಿಗೆ ಬಾರದ ಆ ಙಕಾರವನ್ನು ನೀನೂ ಬಚ್ಚಲಲ್ಲಿ ಮರೆತೇ ಬಿಡು. ಮಧ್ಯದಲ್ಲಿ ಎಂಜಲು ನುಂಗಬೇಡ, ಕಿವಿ ಗುಂಯ್ ಅನ್ನುತ್ತದೆ. ಕಿವಿ ನೋಯುವ ದಿನ ತೊಳೆಯುವುದೇ ಬೇಡ.

ಆದಮೇಲೆ ಇನ್ನೊಂದರ್ಧ ನಿಮಿಷ ಹಾಗೇ ಬಗ್ಗಿರು, ಆಮೇಲೆ ಎರಡೂ ಹೊಳ್ಳೆ ಬಿಟ್ಟುಕೊಂಡು ಹಗುರಾಗಿ ಮೂಗು ಸೀಟು. ಒಂದು ಬದಿ ಒತ್ತಿ ಹಿಡಿದು ಜೋರಾಗಿ ಸೀಟಿದರೆ ನೀರು ಕಿವಿಗೆ ಹೋಗುತ್ತದೆ. ಎಷ್ಟೇ ಸೀಟಿದರೂ ಒಂದಿಷ್ಟು ನೀರು ಒಳಗೇ ಉಳಿದು ಗಂಟೆ ಕಳೆದು ಬರುತ್ತದೆ. ನಾನೊಮ್ಮೆ ಆಫೀಸಿನಲ್ಲಿ ಬೂಟಿನ ಲೇಸ್ ಕಟ್ಟಲು ಬಗ್ಗಿದಾಗ ಜರ್ರನೆ ಸುರಿದು ಕಾರ್ಪೆಟ್ ಒದ್ದೆಯಾಯಿತು. ನೀನು ಪೂಜೆ ಮುಗಿಸಿಯೇ ತೊಳೆದುಕೋ, ದೇವರಿಗೆ ಅಡ್ಡಬೀಳುವಾಗ ಅಭಿಷೇಕವಾಗುವುದು ಬೇಡ. ಮಲಗುವ ಹೊತ್ತಿನಲ್ಲೂ ಬೇಡ.

ಬೆರೆಸಿದ್ದು ಉಳಿದರೆ ನಾಳೆಗೆ ಇಡಬೇಡ, ಚೆಲ್ಲು. ಬಾಟಲಿಯನ್ನು ಸೋಪು ಹಾಕಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ ಬೋರಲು ಹಾಕು. ಮೂರು ತಿಂಗಳಿಗೊಮ್ಮೆ ಹೊಸದು ತರಿಸು. ರಕ್ತ ಹರಿದರೆ, ಕಣ್ಣು ಮಂಜಾದರೆ, ಜ್ವರದ ಜೊತೆ ವಿಪರೀತ ತಲೆನೋವು ಬಂದು ಕುತ್ತಿಗೆ ಬಿಗಿದರೆ ನನಗೆ ಫೋನು ಮಾಡುತ್ತಾ ಕೂರಬೇಡ, ತಮ್ಮನಿಗೆ ಹೇಳಿ ನೇರ ಆಸ್ಪತ್ರೆಗೆ ಹೋಗು.

ಒಗ್ಗರಣೆ ಸೀದದ್ದು ನಿನಗಿನ್ನೂ ಗೊತ್ತಾಗುವುದಿಲ್ಲವಂತೆ. ವಾಸನೆ ಮರಳಲು ನನಗೆ ಎರಡು ತಿಂಗಳ ಮೇಲೆ ಹಿಡಿಯಿತು, ಅದೂ ಮೊದಲು ಬಂದದ್ದು ಕಾಫಿಯದಲ್ಲ, ಪಕ್ಕದ ಮನೆಯವರ ನಾಯಿಯದು.

ಈ ಕಾಗದವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು. ಹಂಡೆಯ ಭಾಗ ಎರಡು ಸಲ.

ನಿನ್ನ ಮಗಳು