ತಣ್ಣಗಿದ್ದ ಬಲ್ಬು

ಸಕಲೇಶಪುರ

ಪುಟ್ಟೀ,

ಮೊನ್ನೆ ಫೋನು ಮಾಡಿದಾಗ ಹಾಸ್ಟೆಲ್ ಗಲಾಟೆಯಲ್ಲಿ ನಿನ್ನ ಮಾತು ಅರ್ಧ ಕೇಳಿಸಲಿಲ್ಲ. 'ಓಮ್ ಸೂತ್ರವೇ ಸುಳ್ಳು ಅಪ್ಪ, ಬಲ್ಬಿನ ಲೆಕ್ಕವೇ ಬೇರೆ, ಮೀಟರ್ ತೋರಿಸುವುದೇ ಬೇರೆ' ಅಂದದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಫೋನಿನಲ್ಲಿ ಲೆಕ್ಕ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಈ ಕಾಗದ.

ನಿನ್ನ ಲೆಕ್ಕ ಸರಿ ಇದೆ. 60 ವಾಟಿನ ಹಳೇ ಬಲ್ಬು, 230 ವೋಲ್ಟು. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಕರೆಂಟು 0.26 ಆಂಪಿಯರ್. ವೋಲ್ಟನ್ನು ಆ ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸು, ಅಂದರೆ ತಂತಿ ಕರೆಂಟನ್ನು ತಡೆಯುವ ಅಳತೆ, ಸುಮಾರು 880 ಓಮ್. ಆದರೆ ನಿನ್ನ ಮಲ್ಟಿಮೀಟರ್ ತೋರಿಸಿದ್ದು 65, ಅಲ್ವಾ? ನಾನೂ ನಿನ್ನೆ ಕೊಟ್ಟಿಗೆಯ ಬಲ್ಬು ಬಿಚ್ಚಿ ಹಿಡಿದು ನೋಡಿದೆ. 66 ಬಂತು.

ಮೀಟರೂ ಸುಳ್ಳು ಹೇಳಿಲ್ಲ. ನೀನು ಅಳೆದದ್ದು ತಣ್ಣಗಿದ್ದ ಬಲ್ಬನ್ನು. ಉರಿಯುವಾಗ ಒಳಗಿನ ಟಂಗ್‌ಸ್ಟನ್ ತಂತಿ 2,000 ಡಿಗ್ರಿ ದಾಟಿರುತ್ತದೆ. ಕಾದಷ್ಟೂ ಅದು ಕರೆಂಟನ್ನು ತಡೆಯುವುದು ಜಾಸ್ತಿ. ಜರ್ಮನಿಯ ಓಮ್ ಮೇಷ್ಟ್ರು 1827ರಲ್ಲಿ ಬರೆದ ಈ ಸೂತ್ರ ಬಿಸಿ ಬದಲಾಗದೆ ಇದ್ದರೆ ಮಾತ್ರ ನಡೆಯುತ್ತದೆ. ಆ ಒಂದು ಸಾಲನ್ನು ಎಲ್ಲರೂ ಹಾರಿಸಿಬಿಡುತ್ತಾರೆ.

ಸ್ವಿಚ್ ಹಾಕಿದ ಆ ಕ್ಷಣದ ಲೆಕ್ಕ ಮಾಡಿ ನೋಡು. 230ನ್ನು 65ರಿಂದ ಭಾಗಿಸು. ಮೂರೂವರೆ ಆಂಪಿಯರ್! ಉರಿಯುವಾಗಿನ ಹದಿಮೂರು ಪಟ್ಟು. ಹಳೇ ಬಲ್ಬುಗಳು ಸ್ವಿಚ್ ಹಾಕುವಾಗಲೇ 'ಟಪ್' ಅಂತ ಹೋಗುವುದು ಇದಕ್ಕೇ. ನಿನ್ನಜ್ಜಿ 'ಸುಮ್ನೆ ಆರಿಸಿ ಹಾಕಿ ಮಾಡಬೇಡ್ರೋ, ಹೋಗುತ್ತೆ' ಅಂತ ಬೈಯುತ್ತಿದ್ದರು. ನಾವು ನಗುತ್ತಿದ್ದೆವು.

ನೀರು ಕಾಯಿಸುವ ರಾಡು ಹೀಗಲ್ಲ. ಅದರೊಳಗಿನ ನೈಕ್ರೋಮ್ ತಂತಿ ಕಾದರೂ ಹೆಚ್ಚು ಬದಲಾಗುವುದಿಲ್ಲ. ನಮ್ಮ 1,500 ವಾಟಿನ ರಾಡು 230 ವೋಲ್ಟಿಗೆ ಆರೂವರೆ ಆಂಪಿಯರ್ ಎಳೆಯುತ್ತದೆ, ಅಂದರೆ 35 ಓಮ್. ಈಗ ತೋಟಗಳಲ್ಲಿ ಸ್ಪ್ರಿಂಕ್ಲರ್ ಹೊತ್ತು, ಎಲ್ಲರ ಪಂಪೂ ಒಟ್ಟಿಗೆ ಓಡಿ ವೋಲ್ಟು ಇಳಿಯುತ್ತದೆ. ಸಂಜೆ ನಮ್ಮನೆಗೆ ಬರುವುದು 160 ವೋಲ್ಟು. 35ರಿಂದ ಭಾಗಿಸಿದರೆ 4.6 ಆಂಪಿಯರ್, ಅದನ್ನು 160ರಿಂದ ಗುಣಿಸಿದರೆ ಸುಮಾರು 730 ವಾಟು. ವೋಲ್ಟು ಇಳಿದರೆ ಕರೆಂಟೂ ಇಳಿಯುತ್ತದೆ, ಎರಡೂ ಸೇರಿ ಬಿಸಿ ಅರ್ಧಕ್ಕಿಂತ ಕಡಿಮೆ. ನಿನ್ನಮ್ಮ ರಾಡನ್ನು ಮೊಳೆಗೆ ನೇತುಹಾಕಿ ಹಂಡೆ ಒಲೆಗೆ ಸೌದೆ ಇಟ್ಟಾಯಿತು.

ಇದೇ ಲೆಕ್ಕವನ್ನು ಮೋಟಾರಿಗೆ ಹಾಕಬೇಡ. ಕೆಲಸ ಕಲಿಯುವಾಗ ನಾನು ಹಾಕಿದ್ದೆ. ವೋಲ್ಟು ಕಡಿಮೆ ಇದ್ದರೆ ಕರೆಂಟೂ ಕಡಿಮೆ, ಏನೂ ಆಗಲ್ಲ ಅಂತ ಓಡಿಸಿಬಿಟ್ಟೆ. ನೀರೆತ್ತುವ ಭಾರ ಅಷ್ಟೇ ಇರುತ್ತದಲ್ಲ, ಅದು ಇನ್ನೂ ಜಾಸ್ತಿ ಎಳೆಯಿತು. ವೈಂಡಿಂಗ್ ಸುಟ್ಟ ವಾಸನೆ ಇನ್ನೂ ಮೂಗಿನಲ್ಲಿದೆ. ಎರಡು ತಿಂಗಳ ಕೂಲಿ ಹೋಯಿತು.

ಉರಿಯುವ ಬಲ್ಬಿಗೆ ಓಮ್‌ನಲ್ಲಿಟ್ಟ ಮೀಟರ್ ಹಿಡಿಯಬೇಡ, ಮೀಟರ್ ಹೋಗುತ್ತದೆ, ನಿನಗೂ ಅಪಾಯ. ರಜೆಗೆ ಬಾ, ನನ್ನ ಟಾಂಗ್ ಟೆಸ್ಟರಿನಲ್ಲಿ ನೋಡೋಣ. ವೈರನ್ನು ಬಿಚ್ಚದೆ ದವಡೆಯೊಳಗೆ ಹಿಡಿದು ಕರೆಂಟು ಅಳೆಯುವ ಮೀಟರ್ ಅದು. ಎರಡೂ ವೈರನ್ನು ಒಟ್ಟಿಗೆ ಹಿಡಿದರೆ ಸೊನ್ನೆ ತೋರಿಸುತ್ತದೆ, ಒಂದೇ ವೈರು ಹಿಡಿಯಬೇಕು. 0.26 ಅದಕ್ಕೆ ತೀರಾ ಸಣ್ಣದು. ಅದಕ್ಕೆ ಆ ವೈರನ್ನು ದವಡೆಯೊಳಗೆ ಹತ್ತು ಸುತ್ತು ಹಾಕಿಟ್ಟಿರುತ್ತೇನೆ. ಸ್ವಿಚ್ ಹಾಕಿ, ಬಂದದ್ದನ್ನು ಹತ್ತರಿಂದ ಭಾಗಿಸುವುದು ನಿನ್ನ ಕೆಲಸ.

ಇಂತಿ,
ಅಪ್ಪ