ಅಲೆ ಕೂದಲಿಗೆ ಭಾರ ಹೇರಬೇಡ ಕೂಸೇ

ಪ್ರೀತಿಯ ಕೂಸೇ,

ನೀನು ಕಳಿಸಿದ ಫೋಟೊ ನೋಡಿದೆ, ಆ ಉದ್ದದ ವಾಯ್ಸ್ ಮೆಸೇಜೂ ಕೇಳಿದೆ. ಕಾರವಾರಕ್ಕೆ ಓದಲು ಹೋದ ಮೇಲೆ ಕೂದಲು ಇಲಿಬಾಲದ ಹಾಗೆ ಎಳೆಎಳೆಯಾಗಿ ನೇತಾಡುತ್ತದೆ, ಬೆಳಿಗ್ಗೆ ತಲೆ ಮಿಂದರೆ ಸಂಜೆಗೆ ನೆತ್ತಿ ಕಾಣುತ್ತದೆ, ಸುಮ್ನೆ ಪಾರ್ಲರಿಗೆ ಹೋಗಿ ಕೂದಲು ನೆಟ್ಟಗೆ ಮಾಡುವ ಸ್ಮೂದನಿಂಗ್ ಮಾಡಿಸಿಬಿಡಲಾ ಅಂತ ಕೇಳಿದ್ದೀಯ. ಬೇಡ. ಯಾಕೆ ಬೇಡ ಅಂತ ಫೋನಿನಲ್ಲಿ ಹೇಳಿದರೆ ‘ಹೂಂ ದೊಡ್ಡಮ್ಮ’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನದು ನೆಟ್ಟಗಿನ ಕೂದಲೂ ಅಲ್ಲ, ಗುಂಗುರು ಕೂದಲೂ ಅಲ್ಲ. ನಡುವಿನದು, ಅಲೆ ಕೂದಲು. ನಿನ್ನ ಅಜ್ಜಿಯದೂ ಹೀಗೇ ಇತ್ತು, ನನ್ನದೂ ಹೀಗೇ. ನಮ್ಮ ಕಾಲದಲ್ಲಿ ಎಣ್ಣೆ ಹಾಕಿ, ಬಿಗಿಯಾಗಿ ಜಡೆ ಹೆಣೆದು, ಅಬ್ಬಲಿಗೆ ದಂಡೆ ಮುಡಿಸಿ ಕಳಿಸುತ್ತಿದ್ದರು, ಹಾಗಾಗಿ ಯಾರದು ಯಾವ ತರದ ಕೂದಲು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೀವು ಬಿಟ್ಟುಕೊಂಡು ಓಡಾಡುವವರು. ಈಗ ಗೊತ್ತಾಗುತ್ತಿದೆ, ಅಷ್ಟೇ.

ಕೂದಲು ಹುಟ್ಟುವ ಗುಳಿ ಚೂರು ಬಾಗಿದ್ದರೆ ಕೂದಲೂ ಬಾಗಿಯೇ ಬರುತ್ತದೆ. ಎಳೆಯನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೂರ್ತಿ ದುಂಡಗಿರುವುದಿಲ್ಲ, ಸ್ವಲ್ಪ ಚಪ್ಪಟೆ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೆಟ್ಟಗಿನ ಕೂದಲಿನಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಅಲೆ ಇರುವಲ್ಲಿ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಅದಕ್ಕೇ ನಿನಗೆ ಬುಡದಲ್ಲಿ ಎಣ್ಣೆ ಎಣ್ಣೆ, ತುದಿಯಲ್ಲಿ ಒಣಕಲು. ನೀನು ಮಾಡುತ್ತಿರುವುದು ಏನು? ತುದಿ ಒಣಗಿದೆ ಅಂತ ಇಡೀ ತಲೆಗೆ ಕ್ರೀಮು, ಸೀರಮ್ಮು ಬಳಿಯುತ್ತಿದ್ದೀಯ.

ಇನ್ನೊಂದು ವಿಷಯ. ಕೂದಲು ಗೊಂಚಲು ಗೊಂಚಲಾಗಿ ಸೇರುವುದೇ ತಪ್ಪಲ್ಲ. ಅಲೆ ಕೂದಲಿನ ಸ್ವಭಾವವೇ ಅದು, ಹತ್ತಿರದ ಎಳೆಗಳು ಒಂದೇ ತಿರುವಿನಲ್ಲಿ ಜೊತೆಯಾಗುತ್ತವೆ. ಗೊಂಚಲು ದಪ್ಪ ಇದ್ದು ಒಳಗೆ ಗಾಳಿ ಆಡುವಂತಿದ್ದರೆ ಚೆಂದ. ಜಿಡ್ಡಿಗೋ ಕ್ರೀಮಿಗೋ ಅಂಟಿಕೊಂಡು ಸಣ್ಣ ಸಣ್ಣ ಎಳೆಯಾಗಿ ನಡುವೆ ನೆತ್ತಿ ಕಂಡರೆ ಆಗ ಮಾತ್ರ ತೊಂದರೆ. ಅದನ್ನು ಬಿಡಿಸಬೇಕು ಅಂತ ನೀನು ಒಣ ಕೂದಲನ್ನು ಬಾಚುತ್ತೀಯ, ಅದು ಹಿಂಜಿದಂತಾಗಿ ಎದ್ದು ನಿಲ್ಲುತ್ತದೆ, ಅದನ್ನು ಕೂರಿಸಲು ಮತ್ತೆ ಸೀರಮ್ ಹಚ್ಚುತ್ತೀಯ, ಮತ್ತೆ ಎಳೆಎಳೆ. ಈ ಸುತ್ತಿನಿಂದ ಹೊರಗೆ ಬರಬೇಕು.

ನಿನ್ನ ಮೇಜಿನ ಮೇಲೆ ಇರುವ ಬಾಟಲಿಗಳು ಫೋಟೊದಲ್ಲೇ ಕಂಡವು. ಹಚ್ಚಿ ತೊಳೆಯದೆ ಬಿಡುವ ಲೀವ್-ಇನ್ ಕ್ರೀಮು, ಬೆಣ್ಣೆಯಂಥ ದಪ್ಪ ಕರ್ಲ್ ಬಟರು, ಸೀರಮ್ಮು, ಜೆಲ್ಲು. ಇವೆಲ್ಲ ಒತ್ತು ಗುಂಗುರು ಕೂದಲಿನವರಿಗೆ ಒಪ್ಪುತ್ತವೆ, ಅವರ ಕೂದಲು ಅಷ್ಟು ಭಾರ ತಡೆಯುತ್ತದೆ, ಅವರಿಗೆ ಅದು ಬೇಕೂ ಬೇಕು. ನಿನ್ನ ತೆಳು ಅಲೆ ಅದರ ಕೆಳಗೆ ಸೋತು ಮಲಗುತ್ತದೆ. ಶಾಂಪೂ ಬಿಟ್ಟು ಬರೀ ಕಂಡೀಷನರ್‌ನಲ್ಲೇ ತಲೆ ತೊಳೆಯುವ ಪದ್ಧತಿಯೂ ನಿನಗಲ್ಲ. ಬಟರು ಯಾರಿಗಾದರೂ ಕೊಟ್ಟುಬಿಡು. ಸೀರಮ್ಮಿನಲ್ಲಿ ಡೈಮೆಥಿಕೋನ್ ಅಂತ ಬರೆದಿರುತ್ತದೆ, ಅದು ಸಿಲಿಕೋನ್, ನೀರಿನಲ್ಲಿ ಕರಗುವುದಿಲ್ಲ. ವಿಷವೇನಲ್ಲ, ಹೆದರಬೇಡ. ಆದರೆ ಸರಿಯಾಗಿ ಶಾಂಪೂ ಹಾಕದಿದ್ದರೆ ಪದರದ ಮೇಲೆ ಪದರ ಕೂರುತ್ತಾ ಹೋಗುತ್ತದೆ.

ಹಾಗಾಗಿ ಮೊದಲ ಕೆಲಸ ತೊಳೆಯುವುದು. ಶಾಂಪೂ ಬುಡಕ್ಕೆ, ಕಂಡೀಷನರ್ ಕಿವಿಯಿಂದ ಕೆಳಗೆ. ಇಷ್ಟೇ ಗೊತ್ತಿದ್ದರೂ ಅರ್ಧ ಗೆದ್ದಂತೆ. ಬೆರಳ ತುದಿಯಿಂದ ನೆತ್ತಿ ತಿಕ್ಕು, ಉಗುರಿನಿಂದ ಬೇಡ. ನೊರೆ ಇಳಿಯುವಾಗ ತುದಿಗೆ ಸಿಗುವಷ್ಟು ತಾನಾಗೇ ಸಿಗುತ್ತದೆ. ದಿನಾ ತೊಳೆದರೆ ಕೂದಲು ಉದುರುತ್ತದೆ ಅಂತ ನಿನ್ನ ಅಮ್ಮ ಹೇಳಿರಬೇಕು, ಅವಳು ಹೇಳುವುದು ಗೊತ್ತು ನನಗೆ. ಮೀಯುವಾಗ ಕೈಗೆ ಬರುವುದು ಮೊದಲೇ ಬುಡ ಬಿಟ್ಟಿದ್ದ ಕೂದಲು, ಇವತ್ತಲ್ಲ ನಾಳೆ ಬೀಳುವುದೇ. ಕಾರವಾರದ ಸೆಕೆಗೆ, ಬೆವರಿಗೆ, ದಿನ ಬಿಟ್ಟು ದಿನ ತಲೆ ಮಿಂದರೆ ಏನೂ ಆಗುವುದಿಲ್ಲ. ಶಿರಸಿಯ ಚಳಿಗೆ ವಾರಕ್ಕೆ ಎರಡು ಸಲ ಸಾಕಾಗುತ್ತಿತ್ತು ಅಂತ ಅಲ್ಲೂ ಅದೇ ಲೆಕ್ಕ ಹಿಡಿಯಬೇಡ.

ನನಗೆ ಜಾಸ್ತಿ ಅನುಮಾನ ಇರುವುದು ನೀರಿನ ಮೇಲೆ. ಮನೆಯಲ್ಲಿ ತೋಟದ ಬಾವಿ ನೀರು, ಮೆತ್ತಗಿನ ನೀರು. ಹಾಸ್ಟೆಲಿನಲ್ಲಿ ಬೋರ್‌ವೆಲ್ ಅಂದಿದ್ದೀಯ. ಕಡಲ ಹತ್ತಿರದ ಬೋರಿನಲ್ಲಿ, ಅದರಲ್ಲೂ ಏಪ್ರಿಲ್-ಮೇ ತಿಂಗಳಲ್ಲಿ ಒಳಗಿನ ಸಿಹಿನೀರು ಇಳಿದ ಮೇಲೆ, ಉಪ್ಪು ನುಗ್ಗುವುದುಂಟು. ಉಪ್ಪಿಲ್ಲದಿದ್ದರೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಅದು ಗಡಸು ನೀರು. ಬಕೆಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯಾ ನೋಡು. ಇನ್ನೊಂದು ಪರೀಕ್ಷೆ: ಸಣ್ಣ ಬಾಟಲಿಯಲ್ಲಿ ಆ ನೀರು ತೆಗೆದುಕೊಂಡು ಬಟ್ಟೆ ಸಾಬೂನಿನ ಚೂರು ಹಾಕಿ ಗಟ್ಟಿಯಾಗಿ ಅಲುಗಾಡಿಸು. ಮೇಲೆ ನೊರೆ ನಿಂತರೆ ಮೆತ್ತಗಿನ ನೀರು. ನೊರೆ ಬಾರದೆ ನೀರು ಬೆಳ್ಳಗೆ ಕದಡಿದರೆ ಗಡಸು. ಆ ಬೆಳ್ಳಗಿನದು ಸಾಬೂನೂ ಸುಣ್ಣದ ಅಂಶವೂ ಸೇರಿದ ಗಸಿ. ತಲೆಗೆ ಸಾಬೂನು ಹಾಕಿದರೆ ಅದೇ ಗಸಿ ಕೂದಲ ಮೇಲೆ ಕೂರುತ್ತದೆ. ಆದ್ದರಿಂದ ಶಾಂಪೂ ಮುಗಿದ ದಿನ ಮೈಸಾಬೂನು ತಿಕ್ಕಿಕೊಂಡು ಬರುವ ಅಭ್ಯಾಸ ಬಿಡು. ಶಾಂಪೂ ಹಾಗೆ ಗಸಿ ಕಟ್ಟುವುದಿಲ್ಲ, ಆದರೂ ಗಡಸು ನೀರಿನ ಖನಿಜ ಸ್ವಲ್ಪ ಸ್ವಲ್ಪವಾಗಿ ಕೂದಲಿಗೆ ಹಿಡಿದು ಒರಟು ಮಾಡುತ್ತದೆ.

ಇದಕ್ಕೆ ಕೀಲೇಟಿಂಗ್ ಶಾಂಪೂ ಅಂತ ಸಿಗುತ್ತದೆ, ಬಾಟಲಿಯ ಹಿಂದೆ ಇಡಿಟಿಎ ಅಂತ ಇರುತ್ತದೆ, ಖನಿಜವನ್ನು ಹಿಡಿದು ಎಳೆದುಕೊಂಡು ಹೋಗುವುದು ಅದರ ಕೆಲಸ. ಎರಡು ಮೂರು ವಾರಕ್ಕೊಮ್ಮೆ ಸಾಕು, ದಿನಾ ಬೇಡ. ಕಡೇ ಎರಡು ಚೊಂಬು ಮಾತ್ರ ಕುಡಿಯುವ ಆರ್‌ಒ ಫಿಲ್ಟರ್ ನೀರು ಹೊಯ್ದುಕೊಂಡರೂ ವ್ಯತ್ಯಾಸ ತಿಳಿಯುತ್ತದೆ. ಮಳೆಗಾಲದಲ್ಲಂತೂ ಆಕಾಶದಿಂದಲೇ ಮೆತ್ತಗಿನ ನೀರು ಬೀಳುತ್ತದೆ, ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು. ಮೊದಲ ಮಳೆಗಳು ಮಾಡಿನ ಧೂಳು ತೊಳೆದು ಹೋದ ಮೇಲೆ ಒಂದು ಬಕೆಟ್ ಇಟ್ಟರಾಯಿತು. ಲಿಂಬೆ ರಸ ಹಿಂಡಿಕೊಳ್ಳಬೇಡ. ಲಿಂಬೆ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟು ಕಪ್ಪು ಕಲೆ ಏಳುವುದುಂಟು.

ಕಡಲ ವಿಷಯ ಬಂತಲ್ಲ, ಒಂದು ನಗು ಬರುವ ಸಂಗತಿ ಹೇಳುತ್ತೇನೆ. ಪೇಟೆಯಲ್ಲಿ ಸೀ ಸಾಲ್ಟ್ ಸ್ಪ್ರೇ ಅಂತ ಉಪ್ಪುನೀರನ್ನು ಬಾಟಲಿಯಲ್ಲಿ ತುಂಬಿ ಮಾರುತ್ತಾರೆ, ಅಲೆ ಬರಲಿ ಅಂತ. ನಿನಗೆ ಟ್ಯಾಗೋರ್ ಬೀಚಿನಲ್ಲಿ ಅರ್ಧ ಗಂಟೆ ಗಾಳಿಗೆ ನಿಂತರೆ ಪುಕ್ಕಟೆ ಆಗುತ್ತದೆ! ಆದರೆ ಉಪ್ಪು ಕೂದಲನ್ನು ಒರಟು ಮಾಡಿ ಸಣ್ಣ ಎಳೆಗಳಾಗಿ ಅಂಟಿಸುತ್ತದೆ, ನಿನಗೆ ಬೇಡವಾದದ್ದೇ ಅದು. ನೀರಿಗೆ ಇಳಿದು ಬಂದ ದಿನ ಸಿಹಿನೀರಿನಲ್ಲಿ ತೊಳೆಯದೆ ಮಲಗಬೇಡ.

ಈಗ ಎಣ್ಣೆ. ನಾನು ಎಣ್ಣೆಯ ವಿರೋಧಿ ಅಲ್ಲ. ಕೊಬ್ಬರಿ ಎಣ್ಣೆ ಬೇರೆ ಕೆಲವು ಎಣ್ಣೆಗಳಂತೆ ಮೇಲೆ ಕೂತುಕೊಳ್ಳದೆ ಕೂದಲ ಒಳಗೆ ಇಳಿಯುತ್ತದೆ, ಅದರಲ್ಲಿರುವ ಲಾರಿಕ್ ಆಮ್ಲದ ಗುಣ ಅದು. 2003ರಲ್ಲಿ ನಮ್ಮ ದೇಶದ ಸಂಶೋಧಕರೇ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಹಚ್ಚಿ ನೋಡಿ, ಕೂದಲಿನ ಪ್ರೋಟೀನ್ ನಷ್ಟ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ ಅಂತ ಪ್ರಕಟಿಸಿದರು. ಆದರೆ ಹಚ್ಚಬೇಕಾದದ್ದು ಮೀಯುವ ಮೊದಲು, ತುದಿಗೆ ಜಾಸ್ತಿ, ಬುಡಕ್ಕೆ ಕಡಿಮೆ. ಆಮೇಲೆ ಚೆನ್ನಾಗಿ ತೊಳೆದು ತೆಗೆ. ಮಿಂದಾದ ಮೇಲೆ ಎರಡು ಹನಿ ಎಣ್ಣೆ ಸವರಿ ಕಾಲೇಜಿಗೆ ಹೋಗುತ್ತೀಯಲ್ಲ, ಸಂಜೆಯ ಇಲಿಬಾಲಕ್ಕೆ ಅದೂ ಒಂದು ಕಾರಣ. ಹೊಟ್ಟು ಇದ್ದರೆ ನೆತ್ತಿಗೆ ಎಣ್ಣೆ ಬೇಡವೇ ಬೇಡ. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಅನ್ನುವ ಸೂಕ್ಷ್ಮ ಶಿಲೀಂಧ್ರ ಜಿಡ್ಡನ್ನೇ ತಿಂದು ಬೆಳೆಯುತ್ತದೆ. ಆ ಶಿಲೀಂಧ್ರವನ್ನು ತಡೆಯುವ ಕೀಟೊಕೊನಜೋಲ್ ಇರುವ ಶಾಂಪೂ ಹಾಕಿ 3ರಿಂದ 5 ನಿಮಿಷ ಬಿಟ್ಟು ತೊಳಿ.

ದಾಸವಾಳ ಸೊಪ್ಪಿನ ಗೊಂಪು ನಿನಗೆ ನಿಜಕ್ಕೂ ಒಪ್ಪುತ್ತದೆ. ಆ ಲೋಳೆ ಹಗುರ, ಸಿಕ್ಕು ಬಿಡಿಸುತ್ತದೆ, ಕೂದಲಲ್ಲಿ ಭಾರ ಉಳಿಸುವುದಿಲ್ಲ. ರಜೆಗೆ ಬಂದಾಗ ಮಾಡಿಕೊಡುತ್ತೇನೆ. ಆದರೆ ಸೊಪ್ಪನ್ನು ಕಿವುಚಿ ಹಾಗೇ ಹಾಕಬಾರದು, ತೆಳು ಬಟ್ಟೆಯಲ್ಲಿ ಸೋಸಬೇಕು. ಅಲೆ ಕೂದಲಿನಲ್ಲಿ ಚೂರುಗಳು ಸಿಕ್ಕಿಕೊಂಡರೆ ಎರಡು ದಿನ ಆರಿಸುತ್ತಾ ಕೂರಬೇಕು. ಶೀಗೆಪುಡಿಗೂ ಇದೇ ಮಾತು, ಕುದಿಸಿ ಸೋಸಿ ಹಾಕು. ಮೊಟ್ಟೆ, ಗಂಜಿ ತಿಳಿ, ಅಡುಗೆ ಸೋಡಾ ಇವೆಲ್ಲ ಬಿಡು. ಮೊಟ್ಟೆಯ ಪ್ರೋಟೀನ್ ಕೂದಲ ಒಳಗೆ ಹೋಗುವಷ್ಟು ಸಣ್ಣದಲ್ಲ, ಗಂಜಿಯ ಪಿಷ್ಟ ಕೂದಲ ಮೇಲೆ ಒಣಗಿ ಬಿರುಸಾಗುತ್ತದೆ, ಸೋಡಾ ಕ್ಷಾರ.

ಮುಖ್ಯವಾದದ್ದು ಈಗ ಬರುತ್ತದೆ, ಗಮನ ಕೊಟ್ಟು ಓದು. ಕೂದಲು ಕೆರಟಿನ್ ಅನ್ನುವ ಪ್ರೋಟೀನ್. ಅದನ್ನು ಹಿಡಿದಿಡುವ ಬಂಧಗಳಲ್ಲಿ ಗಂಧಕದ್ದು ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಹೈಡ್ರೋಜನ್ ಬಂಧ ಮಾತ್ರ ನೀರು ತಾಗಿದ ಕೂಡಲೇ ಬಿಚ್ಚಿಕೊಂಡು, ಒಣಗುವಾಗ ಮತ್ತೆ ಕಟ್ಟಿಕೊಳ್ಳುತ್ತದೆ. ಒಣಗುವ ಹೊತ್ತಿಗೆ ಕೂದಲು ಯಾವ ಆಕಾರದಲ್ಲಿತ್ತೋ ಮುಂದಿನ ಮೀಯುವವರೆಗೂ ಹೆಚ್ಚುಕಡಿಮೆ ಅದೇ ಆಕಾರ. ಅಂದರೆ ನೀನು ಏನೇ ಮಾಡಬೇಕಿದ್ದರೂ ಕೂದಲಿನಿಂದ ನೀರು ತೊಟ್ಟಿಕ್ಕುವಾಗಲೇ ಮಾಡಬೇಕು. ಬಚ್ಚಲಲ್ಲೇ, ಕಂಡೀಷನರ್ ಇರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಮೇಲಕ್ಕೆ ಸಿಕ್ಕು ಬಿಡಿಸು. ಒದ್ದೆ ಕೂದಲು ಬೇಗ ಹಿಗ್ಗಿ ತುಂಡಾಗುತ್ತದೆ, ಎಳೆಯಬೇಡ. ತೊಳೆದ ಮೇಲೆ ತಲೆ ಮುಂದಕ್ಕೆ ಬಗ್ಗಿಸಿ ಇನ್ನೊಮ್ಮೆ ಬಾಚಿದರೆ ಸಣ್ಣ ಎಳೆಗಳು ಸೇರಿ ದಪ್ಪ ಗೊಂಚಲಾಗುತ್ತವೆ. ಆಗ ಒಂದು ರೂಪಾಯಿ ನಾಣ್ಯದಷ್ಟು ಜೆಲ್, ಅಷ್ಟೇ, ಅಂಗೈಯಲ್ಲಿ ನೀರಿನ ಜೊತೆ ಉಜ್ಜಿ ತುದಿಯಿಂದ ಮೇಲಕ್ಕೆ ಹಿಡಿಹಿಡಿಯಾಗಿ ಹಿಂಡು. ಬುಡಕ್ಕೆ ಹಚ್ಚಬೇಡ. ಕ್ರೀಮೂ ಜೆಲ್ಲೂ ಎರಡೂ ಬೇಡ.

ಒರೆಸಲು ಆ ದಪ್ಪ ಟರ್ಕಿ ಟವೆಲ್ ಬೇಡ. ನಿನ್ನ ಅಪ್ಪನ ಹಳೇ ಬೈರಾಸವೋ ತೆಳು ಪಂಚೆಯೋ ಸಾಕು, ಒತ್ತಿ ನೀರು ತೆಗೆ, ತಿಕ್ಕಬೇಡ. ಆಮೇಲೆ ಒಣಗುವವರೆಗೂ ಕೈ ಹಾಕಬೇಡ. ಇದೇ ನಿನಗೆ ಕಷ್ಟದ ಕೆಲಸ ಅಂತ ಗೊತ್ತು, ಮಾತಾಡುವಾಗೆಲ್ಲ ಕೂದಲು ಸುರುಳಿ ಸುತ್ತುತ್ತಾ ಇರುತ್ತೀಯ. ಪೂರ್ತಿ ಒಣಗಿದ ಮೇಲೆ ಜೆಲ್ಲಿನಿಂದ ಗರಿಗರಿ ಅನ್ನಿಸಿದರೆ ಅಂಗೈಯಲ್ಲಿ ಹಿಂಡಿ ಮುರಿದುಬಿಡು. ಬುಡದಲ್ಲಿ ಬೆರಳು ಹಾಕಿ ಅಲುಗಾಡಿಸು, ನೆತ್ತಿ ಮುಚ್ಚುತ್ತದೆ. ಬೈತಲೆಯನ್ನು ನೇರ ಗೆರೆ ಎಳೆದಂತೆ ತೆಗೆಯದೆ ಅಂಕುಡೊಂಕಾಗಿ ತೆಗೆದರೂ ಅಷ್ಟೇ ಉಪಕಾರ.

ಮಳೆಗಾಲದಲ್ಲಿ ಇದೆಲ್ಲ ಅರ್ಧ ಕೆಡುತ್ತದೆ, ಅದು ಹೌದು. ಗಾಳಿಯ ತೇವವೇ ಆ ಬಂಧಗಳನ್ನು ಸಡಿಲ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ಲಿಸರಿನ್ ಜಾಸ್ತಿ ಇರುವ ಜೆಲ್ ಮುಟ್ಟಬೇಡ, ಅದು ಗಾಳಿಯಿಂದ ನೀರು ಎಳೆದುಕೊಂಡು ಕೂದಲನ್ನು ಅಂಟಂಟು ಮಾಡುತ್ತದೆ. ಆ ದಿನಗಳಲ್ಲಿ ಸುಮ್ಮನೆ ಸಡಿಲ ಜಡೆ ಹಾಕು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಒದ್ದೆ ಕೂದಲನ್ನು ಮಾತ್ರ ಬಿಗಿಯಾಗಿ ಕಟ್ಟಬೇಡ, ಫ್ಯಾನಿನ ಕೆಳಗೆ ಒಣಗಿಸಿ ಕಟ್ಟು. ಸ್ಕೂಟರಿಗೆ ಹೆಲ್ಮೆಟ್ ಹಾಕುವಾಗ ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೋ. ಕೂದಲು ಕೆಡುತ್ತದೆ ಅಂತ ಹೆಲ್ಮೆಟ್ ಬಿಟ್ಟರೆ ನಾನೇ ಘಟ್ಟ ಇಳಿದು ಬರುತ್ತೇನೆ ನೋಡು.

ಸ್ಮೂದನಿಂಗ್ ಬೇಡ ಅಂದೆನಲ್ಲ. ಅದು ಆ ಗಂಧಕದ ಬಂಧವನ್ನೇ ಮುರಿದು ನೆಟ್ಟಗೆ ಕೂರಿಸುವ ಕೆಲಸ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ, ಆರು ತಿಂಗಳಲ್ಲಿ ಮೂರು ಇಂಚು ಅಲೆ, ಕೆಳಗೆ ನೆಟ್ಟಗೆ. ಆಗ ಅಳುತ್ತಾ ಮತ್ತೆ ಪಾರ್ಲರಿಗೆ ಹೋಗುತ್ತೀಯ, ಮತ್ತೆ ದುಡ್ಡು. ಕೆರಟಿನ್ ಟ್ರೀಟ್‌ಮೆಂಟ್ ಅಂತ ಚೆಂದದ ಹೆಸರಿನಲ್ಲಿ ಮಾಡುವುದಿದೆಯಲ್ಲ, ಅದರ ಕೆಲವು ಔಷಧಿಗಳಿಂದ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಫಾರ್ಮಾಲ್ಡಿಹೈಡ್ ಇಲ್ಲದ್ದು ಅಂತ ಗ್ಲೈಆಕ್ಸಿಲಿಕ್ ಆಮ್ಲದ್ದು ಬಂತು, ಅದನ್ನು ಹಚ್ಚಿಸಿಕೊಂಡ ಹುಡುಗಿಯೊಬ್ಬಳ ಕಿಡ್ನಿಗೆ ಪೆಟ್ಟಾದ ವರದಿ 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲ್ಲರಿಗೂ ಹಾಗಾಗುತ್ತದೆ ಅಂತಲ್ಲ. ಆದರೆ ಇಷ್ಟು ಸಣ್ಣ ತೊಂದರೆಗೆ ಅಷ್ಟು ದೂರ ಹೋಗುವುದು ಯಾಕೆ?

ಪಾರ್ಲರಿಗೆ ಹೋಗಲೇಬೇಕು ಅನ್ನಿಸಿದರೆ ಸೀಳಿದ ತುದಿ ಕತ್ತರಿಸಿಕೊಂಡು ಬಾ. ಸೀಳಿದ್ದು ಯಾವ ಎಣ್ಣೆಗೂ ಕೂಡುವುದಿಲ್ಲ. ಉದ್ದ ಬೇಕು ಅಂತ ನೀನು ಬಿಟ್ಟುಕೊಂಡಿರುವ ಆ ತೆಳು ತುದಿಯೇ ಫೋಟೊದಲ್ಲಿ ಎಳೆಎಳೆಯಾಗಿ ಕಾಣುತ್ತಿರುವುದು. ತುದಿ ಒಂದೇ ಸಮನೆ ಕತ್ತರಿಸಲು ಹೇಳು, ತೆಳುಗತ್ತರಿ ಹಾಕಿ ಇನ್ನೂ ಹಗುರ ಮಾಡಲು ಬಿಡಬೇಡ.

ದಿನಕ್ಕೆ 50ರಿಂದ 100 ಕೂದಲು ಬೀಳುವುದು ಸಹಜ. ಬೈತಲೆ ನೋಡನೋಡುತ್ತ ಅಗಲವಾಗುತ್ತಿದ್ದರೆ, ಹಿಡಿಹಿಡಿಯಾಗಿ ಬರುತ್ತಿದ್ದರೆ ಅದು ಬೇರೆ ವಿಷಯ. ಜೋರು ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಹಾಗಾಗುತ್ತದೆ, ರಕ್ತದಲ್ಲಿ ಕಬ್ಬಿಣ ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ ಆಗುತ್ತದೆ. ಆಗ ನನಗೆ ಫೋಟೊ ಕಳಿಸುತ್ತಾ ಕೂರದೆ ಚರ್ಮದ ಡಾಕ್ಟರರ ಹತ್ತಿರ ಹೋಗು.

ಮೊದಲು ಆ ಬಾಟಲಿ ಪರೀಕ್ಷೆ ಮಾಡಿ ನೀರು ಗಡಸಾ ಅಲ್ವಾ ಅಂತ ತಿಳಿಸು, ಆಮೇಲೆ ಯಾವ ಶಾಂಪೂ ಅಂತ ನೋಡೋಣ. ಅಲ್ಲಿಯವರೆಗೆ ಹೊಸತು ಏನೂ ಕೊಳ್ಳಬೇಡ.

ನಿನ್ನ
ದೊಡ್ಡಮ್ಮ