ಜೆರೊಂಟಾಲಜಿಯಲ್ಲಿ ಮಾಸ್ಟರ್ಸ್ ಮಾಡಬೇಕೆಂದಿರುವವರಿಗೆ

ಎಲ್ಲರಿಗೂ ನಮಸ್ಕಾರ. ಜೆರೊಂಟಾಲಜಿಗೂ ಜೆರಿಯಾಟ್ರಿಕ್ಸ್‌ಗೂ ಏನು ವ್ಯತ್ಯಾಸ, ಕೋರ್ಸ್ ಆರಿಸುವುದು ಹೇಗೆ ಎಂದು ಇಬ್ಬರು ಮೂವರು ಕೇಳಿದ್ದರಿಂದ ಇಲ್ಲೇ ಬರೆಯುತ್ತಿದ್ದೇನೆ. ಜೆರಿಯಾಟ್ರಿಕ್ಸ್ ಅಂದರೆ ವಯಸ್ಸಾದವರ ಚಿಕಿತ್ಸೆ, ಅದು ಡಾಕ್ಟರುಗಳ ದಾರಿ. ಜೆರೊಂಟಾಲಜಿ ಅಂದರೆ ಮುಪ್ಪಿನ ಅಧ್ಯಯನ, ಅದು ಇದಕ್ಕಿಂತ ಅಗಲ. ದೇಹ, ಮನಸ್ಸು, ಕುಟುಂಬ, ಪಿಂಚಣಿ, ಸರ್ಕಾರದ ನೀತಿ ಎಲ್ಲವೂ ಅದರಲ್ಲಿ ಬರುತ್ತದೆ. ಈ ಹೆಸರನ್ನು 1903ರಲ್ಲಿ ಕೊಟ್ಟವರು ವಿಜ್ಞಾನಿ ಮೆಚ್ನಿಕಾಫ್. ಸಮಾಜಕಾರ್ಯ, ನರ್ಸಿಂಗ್, ಮನಶ್ಶಾಸ್ತ್ರ ಓದಿದವರೂ ಈ ಕಡೆ ಬರುತ್ತಾರೆ.

2030ಕ್ಕೆ ಜಗತ್ತಿನ ಆರು ಜನರಲ್ಲಿ ಒಬ್ಬರು 60 ಅಥವಾ ಅದಕ್ಕಿಂತ ಜಾಸ್ತಿ ವಯಸ್ಸಿನವರಾಗಿರುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರ ಆರೈಕೆಗೆ ಕಲಿತವರು ಬೇಕೇ ಬೇಕು ಅಲ್ವಾ?

ಕೋರ್ಸ್ ಆರಿಸುವ ಮುಂಚೆ ಒಂದು ಮಾತು ತಪ್ಪದೆ ಕೇಳಿ: ಫೀಲ್ಡ್ ವರ್ಕ್ ಎಷ್ಟು ಗಂಟೆ, ಎಲ್ಲಿ? ವೃದ್ಧಾಶ್ರಮ, ಡೇ ಕೇರ್, ಮರೆವಿನ ಕಾಯಿಲೆ ಇರುವವರ ಮನೆ, ಇಲ್ಲೆಲ್ಲ ಹಿರಿಯರ ಜೊತೆ ಕೂರಲು ಅವಕಾಶ ಇಲ್ಲದ ಕೋರ್ಸನ್ನು ನಾನಂತೂ ಆರಿಸುವುದಿಲ್ಲ. ಈಗಾಗಲೇ ಓದುತ್ತಿರುವವರು ನಿಮ್ಮ ಅನುಭವವನ್ನು ದಯವಿಟ್ಟು ಇಲ್ಲೇ ಬರೆಯಿರಿ.